ಸಾಲ್ಮೆಯ ಕಪ್ಪು ಲಂಗ

ತಾಮ್ಮೆ ಮನೆಯ ಇಲ್ಮಾರನಿಗೆ ಅನುಮಾನದ ಬುದ್ಧಿ ಹುಟ್ಟಿನಿಂದಲೇ ಅಂಟಿಕೊಂಡು ಬಂದದ್ದು. ಹೊಗೆಗೆ ತೂಗುಹಾಕಿದ ಮೀನಿನಲ್ಲಿ ಒಂದು ಸಣ್ಣದಾಗಿ ಕಂಡರೆ, ಯಾರೋ ಬಂದು ದೊಡ್ಡದನ್ನು ಬದಲಾಯಿಸಿಕೊಂಡು ಹೋಗಿದ್ದಾರೆ ಎನ್ನುವವನು. ನಾಳೆ ಗಾಳಿಯಿಲ್ಲ ಎಂದು ರೇಡಿಯೋದವರು ಹೇಳಿದರೆ, ಹಾಗೆ ಹೇಳುವುದರಿಂದ ಅವರಿಗೇನು ಲಾಭ ಎಂದು ಯೋಚಿಸುವವನು. ತಾನು ಬಂದರಿಗೆ ತಡವಾಗಿ ಹೋಗಿ ದೋಣಿ ತಪ್ಪಿಸಿಕೊಂಡಾಗಲೆಲ್ಲ ಅದು ಕ್ಯಾಪ್ಟನ್‌ನ ಪಿತೂರಿ. ಕೆಟ್ಟವನಲ್ಲ. ಯಾರಾದರೂ ಬಲೆ ಎಳೆಯಲಾಗದೆ ಒದ್ದಾಡುತ್ತಿದ್ದರೆ ಕರೆಯುವ ಮೊದಲೇ ಹೋಗಿ ಕೈ ಹಾಕುತ್ತಾನೆ; ಎಳೆದು ಮುಗಿಸಿದ ಮೇಲೆ, ತನ್ನನ್ನು ಬೇಕೆಂದೇ ದುಡಿಸಿಕೊಂಡರು ಎಂದು ಗೊಣಗುತ್ತ ಮನೆಗೆ ಬರುತ್ತಾನೆ. ಅರ್ಧ ಆಯುಷ್ಯ ಮೀನುಗಾರರ ಸಂಘದ ಹಡಗಿನಲ್ಲಿ, ಉಳಿದರ್ಧ ತನ್ನದೇ ಪುಟ್ಟ ದೋಣಿಯಲ್ಲಿ ಕಳೆದ ಮನುಷ್ಯ ಹಾಗೇ ಎಪ್ಪತ್ತರ ಹತ್ತಿರ ಬಂದುಬಿಟ್ಟಿದ್ದ.

ಅವನು ಅನುಮಾನಪಡದೇ ಬಿಟ್ಟದ್ದು ಒಬ್ಬರನ್ನು ಮಾತ್ರ, ಹೆಂಡತಿ ಸಾಲ್ಮೆಯನ್ನು. ಅದೇನು ದೊಡ್ಡತನದಿಂದ ಅಲ್ಲ. ಊರಿನ ಉಳಿದವರ ಮೇಲೆ ಅನುಮಾನ ಪಡುವಷ್ಟರಲ್ಲೇ ಅವನ ದಿನ ಮುಗಿದುಹೋಗುತ್ತಿತ್ತು.

ಆ ವರ್ಷ ಮೇ ತಿಂಗಳಲ್ಲಿ ಸಾಲ್ಮೆ ಬೀರು ಖಾಲಿ ಮಾಡತೊಡಗಿದಳು. ಹುಳ ಹಿಡಿಯುತ್ತದೆ, ಬಿಸಿಲಿಗೆ ಹಾಕಬೇಕು ಎಂದಳು. ಅದರಲ್ಲಿ ವಿಶೇಷವೇನಿಲ್ಲ, ನಮ್ಮ ಕಿಹ್ನು ದ್ವೀಪದ ಯಾವ ಮನೆಗೆ ಹೋದರೂ ಆ ತಿಂಗಳಲ್ಲಿ ಬೇಲಿಯ ಮೇಲೆ ಲಂಗಗಳೇ ಲಂಗಗಳು. ಎಲ್ಲ ಮನೆಯಲ್ಲೇ ನೇಯ್ದವು, ಉಣ್ಣೆಯವು, ಉದ್ದುದ್ದ ಪಟ್ಟೆಯವು. ನಮ್ಮಲ್ಲಿ ಹೆಂಗಸರು ಹಬ್ಬಕ್ಕೂ ಅದನ್ನೇ ತೊಡುತ್ತಾರೆ, ಆಲೂಗಡ್ಡೆ ಅಗೆಯುವುದಕ್ಕೂ ಅದನ್ನೇ ತೊಡುತ್ತಾರೆ, ಮೋಟಾರ್‌ಸೈಕಲ್ ಹತ್ತುವುದೂ ಅದರಲ್ಲೇ. ಹುಡುಗಿಯರದು ಬೆಂಕಿಯಂಥ ಕೆಂಪು. ವಯಸ್ಸು ಹೋದಂತೆ ಕೆಂಪು ಕಡಿಮೆಯಾಗುತ್ತ, ನೀಲಿ, ಹಸಿರು ಜಾಸ್ತಿಯಾಗುತ್ತ ಬರುತ್ತದೆ. ಮನೆಯಲ್ಲಿ ಸಾವಾದರೆ ಕಪ್ಪು. ಅದರಲ್ಲೂ ಲೆಕ್ಕವಿದೆ: ದೂರದ ನೆಂಟರಿಗಾದರೆ ಸ್ವಲ್ಪ ಕಪ್ಪು ಸಾಕು, ಅಪ್ಪ ಅಮ್ಮನಿಗೆ ಇನ್ನಷ್ಟು. ಗಂಡ ಇಲ್ಲವೇ ಮಕ್ಕಳು ಸತ್ತರೆ ಮಾತ್ರ ಕೆಂಪಿನ ಒಂದೇ ಒಂದು ಎಳೆಯೂ ಇಲ್ಲದ ಲಂಗ. ಎದುರಿಗೆ ಬರುವವಳ ಸೊಂಟದ ಕೆಳಗೆ ನೋಡಿದರೆ ಅವಳ ಮನೆಯ ಸುದ್ದಿ ಗೊತ್ತಾಗಿಬಿಡುತ್ತದೆ. ಬಾಯಿ ಬಿಟ್ಟು ಕೇಳುವ ಅಗತ್ಯವಿಲ್ಲ. ಹಾಗಂತ ನಮ್ಮವರು ಕೇಳದೆ ಬಿಡುವವರೂ ಅಲ್ಲ.

ಬಿಸಿಲಿಗೆ ಹಾಕಿದ್ದನ್ನು ಸಾಲ್ಮೆ ಮಡಿಸಿ ಒಳಗಿಡಲಿಲ್ಲ. ಒಂದೊಂದಾಗಿ ತೊಡಲು ಶುರುಮಾಡಿದಳು. ಮೊದಲು ಮಗಳು ಮಾರೆತ್‌ಳ ನಾಮಕರಣಕ್ಕೆ ನೇಯ್ದದ್ದು. ಆಮೇಲೆ ತೋಳಿನ ತುದಿಗೆ ಕಸೂತಿ ಹಾಕಿದ ಬಿಳಿ ರವಿಕೆ. ಅದನ್ನು ಅವಳಮ್ಮ ಕಣ್ಣು ಮಂಜಾಗುವ ಕಾಲಕ್ಕೆ ಹೊಲಿದುಕೊಟ್ಟಿದ್ದಳು, ಹೊಲಿಗೆ ಒಂದು ಕಡೆ ಸೊಟ್ಟಗಿದೆ ಎಂದು ಸಾಲ್ಮೆ ಒಂದು ದಿನವೂ ಹಾಕಿಕೊಂಡಿರಲಿಲ್ಲ. ಈಗ ಆ ಸೊಟ್ಟ ಹೊಲಿಗೆ ಕಾಣುವಂತೆ ತೋಳು ಮಡಚಿಕೊಂಡು ಅಂಗಡಿಗೆ ಹೋಗಿಬಂದಳು. ಹೆಣೆದು ಒಮ್ಮೆಯೂ ಹಾಕದೆ ಇಟ್ಟಿದ್ದ ಕಾಲುಚೀಲ, ಮದುವೆಯ ವಾರ ಉಟ್ಟಿದ್ದ ಏಪ್ರನ್, ಒಂದನ್ನೂ ಬಿಡಲಿಲ್ಲ. ಸಂಜೆ ಬಿಚ್ಚುವಾಗ ಪ್ರತಿಯೊಂದನ್ನೂ ಮಡಿಲಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ಸವರುತ್ತ ಕೂರುತ್ತಿದ್ದಳು. ಇಲ್ಮಾರನಿಗೆ ಇದು ಖುಷಿಯೇ ಆಯಿತು. ಹೊಸದು ಕೊಡಿಸು ಎಂದು ಕೇಳುತ್ತಿಲ್ಲವಲ್ಲ, ಸದ್ಯ.

ಜೂನ್ ಕೊನೆಗೆ ಅವಳು ಕೆಂಪು ಲಂಗ ತೊಟ್ಟು ಹೊರಗೆ ಬಂದಳು. ಹದಿನೆಂಟರ ಹುಡುಗಿಯಾಗಿದ್ದಾಗ ನೇಯ್ದದ್ದು. ಅಂಗಳದಲ್ಲಿ ದೋಣಿಗೆ ಡಾಂಬರು ಬಳಿಯುತ್ತಿದ್ದ ಇಲ್ಮಾರ್ ಬ್ರಷ್ ಕೆಳಗಿಟ್ಟ.

"ಇದು ನಿಂಗೆ ಹಿಡೀತಾ?"

"ಹಿಡೀತು ನೋಡು."

"ಪಿನ್ನು ಹಾಕಿದ್ದೀಯಾ?"

"ಎಂಥ ಪಿನ್ನೂ ಇಲ್ಲ. ಕೊಕ್ಕೆ ಸಲೀಸಾಗಿ ಕೂತ್ಕೊಳ್ತು."

ಅವನು ಮತ್ತೆ ಬ್ರಷ್ ಎತ್ತಿಕೊಂಡ. ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಾಗಿತ್ತು. ಅರವತ್ತಾರರ ಹೆಂಗಸಿಗೆ ಹದಿನೆಂಟರ ಲಂಗ ಹಿಡಿಯುತ್ತದೆ ಎಂದರೆ ಅವಳು ಸಣ್ಣಗಾಗಿದ್ದಾಳೆ. ಸುಮ್ಮಸುಮ್ಮನೆ ಯಾರು ಸಣ್ಣಗಾಗುತ್ತಾರೆ? ಯೋಚಿಸಿದರೆ ಊಟವೂ ಕಡಿಮೆಯಾಗಿತ್ತು. ಹುರಿದ ಮೀನು ಅವನ ತಟ್ಟೆಗೇ ಬರುತ್ತಿತ್ತು, ಅವಳು ರೈ ರೊಟ್ಟಿಯ ಚೂರು ಹಿಡಿದುಕೊಂಡು ಕಿಟಕಿಯ ಹತ್ತಿರ ನಿಂತಿರುತ್ತಿದ್ದಳು. ಇಷ್ಟು ದಿನ ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹೆಂಡತಿಯ ಮೇಲೆ ಅನುಮಾನಪಟ್ಟು ಅಭ್ಯಾಸವಿಲ್ಲದವನು, ಹೊಸಬನಂತೆ ತಡವರಿಸಿದ.

ಊರು ತಡವರಿಸಲಿಲ್ಲ. ಅವನ ಅಕ್ಕ ರೈಸಾ ಪಕ್ಕದ ಮನೆಯವಳು, ಗಂಡ ಸತ್ತವಳು, ನಾಲಿಗೆಗೆ ಎಲುಬಿಲ್ಲದವಳು. ಸಂಜೆಯೇ ಬೇಲಿಯ ಹತ್ತಿರ ಬಂದು ನಿಂತಳು.

"ಏನೋ ಇಲ್ಮಾರ್, ನಿನ್ನ ಹೆಂಡತಿಗೆ ಮದುವೆ ಗೊತ್ತಾಗಿದೆಯಾ?"

"ಬೀರುವಿನಲ್ಲಿ ಇತ್ತು, ಹಾಕ್ಕೊಂಡ್ಳು. ನಿಂಗೇನು ಹೊಟ್ಟೆನೋವು?"

"ನಂಗ್ಯಾಕೆ ನೋವು? ಅಂಗಡೀಲಿ ಎಲ್ಲ ಅದೇ ಮಾತು. ಈ ವಯಸ್ಸಲ್ಲಿ ಕೆಂಪು ಹಾಕ್ಕೊಂಡು ಹಲ್ಲು ಕಿಸಿದು ಓಡಾಡ್ತಾಳಂತೆ. ವಸಂತ ಕಾಲದಿಂದ ನಾಲ್ಕು ಸಲ ಆಚೆ ದಡದ ಪ್ಯಾರ್ನು ಪೇಟೆಗೆ ಹೋಗಿಬಂದ್ಲಲ್ಲ, ಏನಕ್ಕೆ ಅಂತ ಕೇಳಿದ್ಯಾ?"

"ಹಲ್ಲಿಗೆ."

"ಅವಳಿಗೆ ಉಳಿದಿರೋ ಹಲ್ಲಿಗೆ ನಾಲ್ಕು ಸಲವಾ?" ಎಂದು ರೈಸಾ ನಗುತ್ತ ಹೋದಳು.

ಆ ರಾತ್ರಿ ಊಟಕ್ಕೆ ಕೂತಾಗ ಇಲ್ಮಾರ್ ಹೆಂಡತಿಯ ಬಾಯಿಯನ್ನೇ ನೋಡುತ್ತಿದ್ದ. ಹಲ್ಲು ಮೊದಲು ಹೇಗಿತ್ತೋ ಹಾಗೇ ಇತ್ತು. ಎಡಗಡೆಯ ಖಾಲಿ ಜಾಗ ಖಾಲಿಯೇ.

ಹೀಗಿರುವಾಗ ಜುಲೈ ತಿಂಗಳ ಒಂದು ಬೆಳಿಗ್ಗೆ ಸಾಲ್ಮೆ ಕಪ್ಪು ಲಂಗ ತೊಟ್ಟುಕೊಂಡು ಅಡುಗೆಮನೆಗೆ ಬಂದು ಕಾಫಿಗೆ ನೀರಿಟ್ಟಳು.

ಇಲ್ಮಾರ್ ಅದನ್ನು ಯಾವತ್ತೂ ನೋಡಿರಲಿಲ್ಲ. ಅತ್ತೆ ಸತ್ತಾಗ ಅವಳು ತೊಟ್ಟದ್ದು ಅವನಿಗೆ ನೆನಪಿತ್ತು, ಮಾವ ಸತ್ತಾಗಿನದೂ ಗೊತ್ತಿತ್ತು. ಇದು ಬೇರೆ. ಕಪ್ಪು, ನಡುನಡುವೆ ಕತ್ತಲಂಥ ನೀಲಿ. ಒಮ್ಮೆಯೂ ತೊಟ್ಟು ಕೂರದ ಲಂಗದಂತೆ ನೆರಿಗೆಗಳು ಚೂಪಾಗಿದ್ದವು. ಹುಳ ಬಾರದಂತೆ ಇಡುವ ಕಹಿ ಸೊಪ್ಪಿನ ವಾಸನೆ ಅಡುಗೆಮನೆ ತುಂಬಾ ಹರಡಿತು. ಅವನು ಬಗ್ಗಿ, ಬೂಟಿನ ದಾರ ಕಟ್ಟುವ ನೆಪದಲ್ಲಿ, ಅಂಚಿನವರೆಗೂ ಕಣ್ಣು ಹಾಯಿಸಿದ. ಕೆಂಪಿನ ಒಂದು ಎಳೆಯಾದರೂ ಸಿಗುತ್ತದೇನೋ ಎಂದು ಹುಡುಕಿದ. ಇರಲಿಲ್ಲ.

ಹೊರಗೆ ಹೋಗಿ, ಸೌದೆ ಕೊಟ್ಟಿಗೆಯ ಹಿಂದೆ ನಿಂತು, ರಾಜಧಾನಿ ತಾಲಿನ್‌ನಲ್ಲಿರುವ ಮಗಳಿಗೆ ಫೋನ್ ಮಾಡಿದ. "ಏನಪ್ಪಾ ಇಷ್ಟು ಬೆಳಿಗ್ಗೆ?" ಎಂದಳು ಮಾರೆತ್, ನಿದ್ದೆಗಣ್ಣಿನಲ್ಲಿ. "ಏನಿಲ್ಲ, ಚೆನ್ನಾಗಿದ್ದೀಯಾ ಅಂತ" ಎಂದು ಇಟ್ಟುಬಿಟ್ಟ. ಮಗಳು ಬದುಕಿದ್ದಾಳೆ. ಗಂಡ ಸೌದೆ ಕೊಟ್ಟಿಗೆಯ ಹಿಂದೆ ನಿಂತಿದ್ದಾನೆ. ಹಾಗಾದರೆ ಸತ್ತವನು ಯಾರು?

ಒಳಗೆ ಬಂದು ಕೇಳಿದ. "ಇದೇನು ಹೊಸದು?"

"ಹೊಸದಲ್ಲ, ಹಳೇದು. ಬೀರುವಿನ ತಳದಲ್ಲಿತ್ತು."

"ಯಾರಿಗೆ ಹಾಕ್ಕೊಂಡಿದ್ದೀಯಾ?"

ಸಾಲ್ಮೆ ಕಾಫಿ ಬಗ್ಗಿಸಿ ಲೋಟವನ್ನು ಅವನ ಮುಂದಿಟ್ಟಳು. "ಒಳ್ಳೇ ಉಣ್ಣೆ. ಕೊಳೆಯೋಕೆ ಬಿಡೋಕಾಗುತ್ತಾ? ಬಿಸಿ ಇದೆ, ನಾಲಿಗೆ ಸುಟ್ಕೋಬೇಡ" ಎಂದಳು.

ಇಷ್ಟೇ ಉತ್ತರ. ಇಲ್ಮಾರ್ ನಾಲಿಗೆ ಸುಟ್ಟುಕೊಂಡ.

ಮಧ್ಯಾಹ್ನ ಹೊಗೆಸೊಪ್ಪು ತರಲು ಅಂಗಡಿಗೆ ಹೋದರೆ, ಮಾತಾಡುತ್ತಿದ್ದ ಹೆಂಗಸರೆಲ್ಲ ಒಮ್ಮೆಗೇ ಬ್ರೆಡ್ಡು ಆರಿಸುವುದರಲ್ಲಿ ಮುಳುಗಿಬಿಟ್ಟರು. ಅಂಗಡಿಯ ಊರ್ವೆ ಒಳ್ಳೆಯ ಹೆಂಗಸು, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲದವಳು. ಪೊಟ್ಟಣ ಕೊಡುತ್ತ ಅವನ ಕೈಯನ್ನು ಒತ್ತಿದಳು.

"ದೇವರು ನಿಂಗೆ ಶಕ್ತಿ ಕೊಡ್ಲಿ ಇಲ್ಮಾರ್."

"ಯಾಕೆ? ನಂಗೇನಾಗಿದೆ?"

"ಏನಿಲ್ಲ ಬಿಡು. ಸಾಲ್ಮೆಗೆ... ಯಾರೇ ಆಗಿರ್ಲಿ, ಸಾವು ಸಾವೇ ಅಲ್ವಾ."

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ಬಾಕಿ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದ. ಊರಿಗೆ ಊರೇ ಲೆಕ್ಕ ಹಾಕಿ ಮುಗಿಸಿದೆ, ತನಗೊಬ್ಬನಿಗೇ ಉತ್ತರ ಗೊತ್ತಿಲ್ಲ.

ಲೆಕ್ಕವನ್ನು ಬಿಡಿಸಿ ಹೇಳಿದವಳು ರೈಸಾ. ಬೇಲಿಗೆ ಮೊಣಕೈ ಊರಿ, ಮಗುವಿಗೆ ಪಾಠ ಹೇಳುವಂತೆ ಹೇಳಿದಳು. "ನೋಡು. ಮೊದಲು ಸಣ್ಣಗಾದ್ಲು. ಆಮೇಲೆ ಕೆಂಪು ಹಾಕಿದ್ಲು. ಮಧ್ಯೆ ಮಧ್ಯೆ ಪೇಟೆಗೆ ಹೋಗಿ ಬಂದ್ಲು. ಈಗ ಕಪ್ಪು. ಅದೂ ಎಂಥ ಕಪ್ಪು? ಗಂಡ ಸತ್ತವಳ ಕಪ್ಪು. ನನ್ನ ಗಂಡ ಮುಳುಗಿದಾಗ ನಾನು ಹಾಕಿದ್ದು ಇಂಥದ್ದೇ, ನಂಗೊತ್ತಿಲ್ವಾ? ನೀನು ನೋಡಿದ್ರೆ ಗುಂಡುಕಲ್ಲಿನ ಹಾಗೆ ನಿಂತಿದ್ದೀಯಾ. ಹಾಗಾದ್ರೆ ಇನ್ಯಾವ ಗಂಡನಿಗೋ ಇದು?"

"ಬಾಯಿ ಮುಚ್ಚಕ್ಕಾ."

"ಮುಚ್ತೀನಿ. ಎವಾಲ್ಡನ್ನ ಚಳಿಗಾಲದಲ್ಲಿ ಆಸ್ಪತ್ರೆಗೆ ಸೇರಿಸಿದ್ರು ಅಂತ ಕೇಳ್ದೆ. ಏನಾಯ್ತೋ ಪಾಪ, ಆಮೇಲೆ ಸುದ್ದಿ ಇಲ್ಲ" ಎಂದು ಹೇಳಿ ಮುಚ್ಚಿದಳು.

ಎವಾಲ್ಡ್! ಒಂದು ಕಾಲದಲ್ಲಿ ಊರಿನ ಎಲ್ಲ ಮದುವೆಗಳಲ್ಲೂ ಅಕಾರ್ಡಿಯನ್ ಬಾರಿಸುತ್ತಿದ್ದವನು. ಬಿಳಿ ಹಲ್ಲು, ಗುಂಗುರು ಕೂದಲು. ಸಾಲ್ಮೆ ಹುಡುಗಿಯಾಗಿದ್ದಾಗ ಅವಳನ್ನು ಕುಣಿತದಿಂದ ಮನೆಯವರೆಗೆ ಬಿಟ್ಟು ಬಂದವನು ಅವನೇ ಎಂದು ಊರೆಲ್ಲ ಹೇಳುತ್ತಿತ್ತು. ಆಮೇಲೆ ಪ್ಯಾರ್ನುವಿನ ಹುಡುಗಿಯನ್ನು ಕಟ್ಟಿಕೊಂಡು ಅಲ್ಲೇ ನೆಲೆನಿಂತ. ಇಲ್ಮಾರನ ಮದುವೆಗೂ ಅವನೇ ಬಂದು ಬಾರಿಸಿದ್ದ; ಕೊನೆಯ ಹಾಡನ್ನು ಬೇಕೆಂದೇ ಎಳೆದೆಳೆದು ಬಾರಿಸಿದ್ದ, ಈಗ ಯೋಚಿಸಿದರೆ ಎಲ್ಲ ಸರಿಹೊಂದುತ್ತಿತ್ತು. ನಲವತ್ತೈದು ವರ್ಷ ಬೇರೆಯವರ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದೆನಲ್ಲ, ಕಾಯಬೇಕಾದ ಮನೆಯನ್ನೇ ಕಾಯಲಿಲ್ಲವಲ್ಲ ಎಂದು ಅವನಿಗೆ ಅಳು ಬರುವಂತಾಯಿತು. ಇಷ್ಟು ವರ್ಷ ತಾನು ಉಂಡದ್ದು, ಮಲಗಿದ್ದು, ಜಗಳವಾಡಿದ್ದು ಎಲ್ಲ ಬೇರೆ ಯಾರದೋ ಜಾಗದಲ್ಲಿ ಕೂತೇನಾ? ಅದೊಂದು ಗೊತ್ತಾಗದೆ ಅವನಿಗೆ ಇನ್ನು ನಿದ್ದೆಯಿರಲಿಲ್ಲ.

ಮರುದಿನ ದೋಣಿಯ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಬೇಕೆಂದು ಸುಳ್ಳು ಹೇಳಿ ಪೇಟೆಗೆ ಹೊರಟ. ಸಾಲ್ಮೆ ಬಾಗಿಲವರೆಗೂ ಬಂದು ರೊಟ್ಟಿ, ಹೊಗೆ ಹಾಕಿದ ಮೀನು ಕಾಗದದಲ್ಲಿ ಸುತ್ತಿಕೊಟ್ಟಳು. ಕಪ್ಪು ಲಂಗದಲ್ಲಿ ಅವಳು ಚೆನ್ನಾಗಿ ಕಾಣುತ್ತಿದ್ದಳು, ಹಾಳಾದ್ದು.

ದೋಣಿಯಲ್ಲಿ ಪ್ರವಾಸಿ ದಂಪತಿ ಅವನನ್ನು ಮಾತಿಗೆಳೆದರು. ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟುತ್ತದಂತಲ್ಲ, ಮೇಲೆ ನಡೆದಿದ್ದೀರಾ ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಅವರು ಆಚೆ ದಡ ಮುಟ್ಟುವವರೆಗೂ ಅವನ ಕಥೆಯಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಮದುವೆಯಾದ ಮರುವರ್ಷ ಹಿಮದ ಮೇಲೆ ಮೀನಿಗೆ ಕೂತಿದ್ದಾಗ, ತಾನು ಕೂತ ತುಂಡೇ ಒಡೆದು ತೇಲಿ, ಗಾಳಿ ಅವನನ್ನು ನೆರೆಯ ಲಾಟ್ವಿಯಾ ಕಡೆಗೆ ಹೊತ್ತುಕೊಂಡು ಹೋದದ್ದು. ಅಲ್ಲಿಯ ಗಡಿ ಕಾವಲಿನ ಸೈನಿಕರು ಗೂಢಚಾರನೆಂದು ಹಿಡಿದು ಕೂಡಿಹಾಕಿ, ಮನೆಗೆ ಸುದ್ದಿಯನ್ನೂ ಕೊಡದೆ, ವಾರಗಟ್ಟಲೆ ಪ್ರಶ್ನೆ ಕೇಳಿದ್ದು. ಇದು ಅವನ ಖಾಯಂ ಕಥೆ. ಪ್ರತಿಸಲ ಹೇಳುವಾಗಲೂ ಸೈನಿಕರ ಸಂಖ್ಯೆ ಹೆಚ್ಚಾಗುತ್ತಿತ್ತು. ಸಾಲ್ಮೆ ಮಾತ್ರ ಈ ಕಥೆ ಶುರುವಾಯಿತೆಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಇವತ್ತು ಅವನು "ನಡೆದಿದ್ದೀನಿ" ಎಂದಷ್ಟೇ ಹೇಳಿ ಆ ಕಡೆ ತಿರುಗಿ ಕೂತ.

ಪ್ಯಾರ್ನುವಿನಲ್ಲಿ ಎವಾಲ್ಡನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮೂರನೆಯ ಮಹಡಿ. ಬಾಗಿಲ ಮುಂದೆ ನಿಂತು ಇಲ್ಮಾರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸತ್ತವನ ಹೆಂಡತಿ ಬಾಗಿಲು ತೆಗೆದರೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಲಿತುಕೊಂಡು ಬಂದಿದ್ದ.

ಬಾಗಿಲು ತೆಗೆದವನು ಎವಾಲ್ಡೇ. ಗುಂಗುರು ಕೂದಲು ಎಲ್ಲಿ ಹೋಯಿತೋ, ಬೋಳು ತಲೆ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಸೌಟು.

"ಅರೆ! ತಾಮ್ಮೆ ಇಲ್ಮಾರ್! ಟೋಪಿ ಯಾಕಯ್ಯಾ ತೆಗ್ದಿದ್ದೀಯಾ, ಯಾರು ಸತ್ರು?"

"ನೀನು ಸಾಯ್ಲಿಲ್ವಾ?" ಇಲ್ಮಾರನ ಬಾಯಿಂದ ಬಂದೇಬಿಟ್ಟಿತು.

"ಸೊಂಟದ ಮೂಳೆ ಬದಲಾಯಿಸಿದ್ರು ಅಷ್ಟೆ. ಬೇಜಾರಾಯ್ತಾ ನಿಂಗೆ?" ಎವಾಲ್ಡ್ ಗಹಗಹಿಸಿ ನಕ್ಕ. "ಬಾ ಒಳಗೆ. ಸೂಪ್ ಇದೆ."

ಇಲ್ಮಾರ್ ಸೂಪಿನ ಮುಂದೆ ಕೂತ. ಒಂದು ಕಡೆ ನಿರಾಳ, ಇನ್ನೊಂದು ಕಡೆ ಎಂಥದೋ ನಿರಾಸೆ. ಇವನಲ್ಲದಿದ್ದರೆ ಇನ್ಯಾರು? ಚಮಚ ಆಡಿಸುತ್ತ, ಯಾವುದೋ ಬೇರೆ ಮಾತಿನ ನಡುವೆ ತೂರಿಸುವಂತೆ ಕೇಳಿದ: "ನಮ್ಮ ಸಾಲ್ಮೆ ಈ ಕಡೆ ಬಂದಾಗ ಸಿಕ್ಕಿದ್ಲಾ ನಿಂಗೆ?"

"ಇಲ್ಲಿಗೆ ಬಂದಿಲ್ಲಪ್ಪ. ಆಸ್ಪತ್ರೇಲಿ ನೋಡ್ದೆ. ನಾನು ಕಾಲಿಗೆ ವ್ಯಾಯಾಮ ಮಾಡಿಸ್ಕೊಳ್ಳೋಕೆ ಹೋಗಿದ್ದೆ, ಲಿಫ್ಟಿನಲ್ಲಿ ಸಿಕ್ಕಿದ್ಲು. ಅವಳು ಮೇಲಿನ ಮಹಡಿಗೆ ಹೋಗ್ತಿದ್ಲು." ಎವಾಲ್ಡ್ ನಗು ನಿಲ್ಲಿಸಿದ. "ಅದು ಗಡ್ಡೆ ಕಾಯಿಲೆಯವರ ಮಹಡಿ. ಯಾರನ್ನೋ ನೋಡೋಕೆ ಬಂದೆ ಅಂದ್ಲು. ಯಾರನ್ನ ಅಂತ ಹೇಳ್ಲಿಲ್ಲ. ನಿಜ ಹೇಳ್ಬೇಕು ಅಂದ್ರೆ ನಿನ್ನನ್ನೇ ಅಂದ್ಕೊಂಡಿದ್ದೆ. ಈಗ ಬಾಗಿಲಲ್ಲಿ ನಿನ್ನ ನೋಡಿ ನಂಗೇ ಗಾಬರಿಯಾಯ್ತು."

ಇಲ್ಮಾರ್ ಚಮಚ ಕೆಳಗಿಟ್ಟ. ಸಿಕ್ಕಿತು. ಮೇಲಿನ ಮಹಡಿ. ಅಲ್ಲಿ ಒಬ್ಬ ಇದ್ದ. ವಸಂತ ಕಾಲದಿಂದ ಮಲಗಿದ್ದ, ಇವಳು ಹೋಗಿ ಬರುತ್ತಿದ್ದಳು, ಅವನಿಗೆ ತೋರಿಸಲು ಕೆಂಪು ಲಂಗ ತೊಟ್ಟಳು, ಈಗ ಅವನು ಸತ್ತ. ಎಲ್ಲ ಕೊಂಡಿಗಳೂ ಕಟಕಟನೆ ಕೂಡಿಕೊಂಡವು. ಮರಳುವ ದೋಣಿಯಲ್ಲಿ ಅವನು ಆ ಮನುಷ್ಯನಿಗೆ ಒಂದೊಂದಾಗಿ ಮುಖ ಜೋಡಿಸುತ್ತ ಬಂದ. ಅಂಚೆಯವನು? ಲೈಟ್‌ಹೌಸ್ ರಿಪೇರಿಗೆ ಬರುತ್ತಿದ್ದವನು? ಇಷ್ಟು ವರ್ಷ ಅನುಮಾನವನ್ನೇ ಕಸುಬು ಮಾಡಿಕೊಂಡಿದ್ದವನಿಗೆ, ಎದುರಿಗೇ ಬಿದ್ದಿದ್ದ ಇನ್ನೊಂದು ಲೆಕ್ಕ ಮಾತ್ರ ಹೊಳೆಯಲಿಲ್ಲ. ಹೊಳೆದಿದ್ದರೂ ಅವನು ಅದರ ಕಡೆ ನೋಡುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ.

ಮನೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಸಾಲ್ಮೆ ಅಂಗಳದ ಬೆಂಚಿನ ಮೇಲೆ ಹೊಸ ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತ ಕೂತಿದ್ದಳು. ಕಪ್ಪು ಲಂಗದ ಮೇಲೆ ಮಣ್ಣಾಗದಂತೆ ಹಳೆ ಗೋಣಿ ಹಾಸಿಕೊಂಡಿದ್ದಳು.

"ಸ್ಪಾರ್ಕ್ ಪ್ಲಗ್ ಸಿಕ್ತಾ?"

"ಮೇಲಿನ ಮಹಡೀಲಿ ಯಾರಿದ್ದ?"

ಅವಳ ಕೈ ನಿಂತಿತು.

"ನಂಗೆಲ್ಲ ಗೊತ್ತು ಸಾಲ್ಮೆ. ಎವಾಲ್ಡ್ ಹೇಳ್ದ. ಆಸ್ಪತ್ರೆಯ ಮೇಲಿನ ಮಹಡೀಲಿ ನೀನು ನೋಡೋಕೆ ಹೋಗ್ತಿದ್ದೋನು ಯಾರು? ಹೆಸರು ಹೇಳು. ಊರೆಲ್ಲ ನನ್ನ ಮುಖ ನೋಡಿ ನಗ್ತಿದೆ. ಸತ್ತೋನು ಯಾರು ಅಂತಾದ್ರೂ ನಂಗೆ ಗೊತ್ತಾಗ್ಲಿ."

ಸಾಲ್ಮೆ ಅವನನ್ನೇ ನೋಡಿದಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಏಪ್ರನ್ನಿನ ತುದಿಯಿಂದ ಒರೆಸಿಕೊಂಡಳು.

"ಅಯ್ಯೋ ನನ್ನ ಪೆದ್ದ ಮುದುಕಾ. ಅಲ್ಲಿ ಯಾವ ಗಂಡಸೂ ಇರ್ಲಿಲ್ಲ ಮಾರಾಯ. ನಾನಿದ್ದೆ."

"ನೀನು ಯಾರ ಜೊತೆ ಇದ್ದೆ?"

"ನಾನೊಬ್ಬಳೇ ಕಣೋ. ನಂಗೇ ಕಾಯಿಲೆ. ಹೊಟ್ಟೆಯೊಳಗಿದೆಯಂತೆ, ಬೇರೆ ಕಡೆಗೂ ಹರಡಿದೆಯಂತೆ. ಫೋಟೋ ತೆಗೆದು ತೋರಿಸಿದ್ರು."

ಇಲ್ಮಾರ್ ನಿಂತೇ ಇದ್ದ. ಆಮೇಲೆ ಅವನಿಗೆ ಗೊತ್ತಿದ್ದ ಒಂದೇ ಮಾತು ಬಾಯಿಗೆ ಬಂತು. "ಸುಳ್ಳು ಹೇಳ್ತಾರೆ ಅವರು. ಹಾಗೆ ಹೇಳೋದ್ರಿಂದ ಅವರಿಗೇನೋ ಲಾಭ ಇರುತ್ತೆ. ಬೇರೆ ಯಾರದೋ ಫೋಟೋ ತೋರಿಸಿರ್ತಾರೆ."

"ಇದೊಂದರಲ್ಲಿ ಅನುಮಾನ ಬೇಡ ಇಲ್ಮಾರ್. ಬಾ, ಕೂತ್ಕೋ."

ಕೂತ. ಬೆಂಚಿನ ತುದಿಯಲ್ಲಿ, ಯಾರದೋ ಮನೆಗೆ ಬಂದವನ ಹಾಗೆ ಕೂತ. ಅವಳ ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದ.

"ಮತ್ತೆ ಇದು?"

"ಇದು ನಿಂದು" ಎಂದಳು ಸಾಲ್ಮೆ. "ನೀನು ಹಿಮದ ಮೇಲೆ ತೇಲಿಹೋದ ವರ್ಷದ್ದು. ಹುಡುಕೋಕೆ ಹೋದವರೆಲ್ಲ ಬರಿಗೈಲಿ ಬಂದ್ರು. ನಿಮ್ಮಮ್ಮ ಬಂದು, ಇನ್ನು ಕಾಯ್ಬೇಡ ಮಗಳೇ, ಮಗ್ಗಕ್ಕೆ ಕಪ್ಪು ಏರಿಸು ಅಂದ್ರು. ಏರಿಸ್ದೆ. ಹಗಲು ರಾತ್ರಿ ನೇಯ್ದೆ. ಮದುವೆಯಾಗಿ ಒಂದು ವರ್ಷ ಆಗಿತ್ತೋ ಇಲ್ವೋ, ಮಾರೆತ್ ಹೊಟ್ಟೇಲಿದ್ಲು. ಕಣ್ಣೀರು ಎಷ್ಟು ಬಿದ್ದಿದೆಯೋ ಈ ಉಣ್ಣೆ ಮೇಲೆ. ಸೊಂಟದ ಪಟ್ಟಿ ಹೊಲಿಯೋದೊಂದು ಬಾಕಿಯಿತ್ತು. ಸೂಜಿಗೆ ದಾರ ಪೋಣಿಸ್ತಾ ಕೂತಿದ್ದೆ. ನೀನು ಬಾಗಿಲಲ್ಲಿ ನಿಂತು 'ತಿನ್ನೋಕೇನಿದೆ?' ಅಂದೆ."

ಅವನಿಗೆ ಅದು ನೆನಪಿತ್ತು. ಒಳಗೆ ಬಂದಾಗ ಅವಳು ಮಡಿಲಲ್ಲಿದ್ದ ಯಾವುದೋ ಬಟ್ಟೆಯನ್ನು ಬೀರುವಿಗೆ ತುರುಕಿ, ಬಾಗಿಲು ಹಾಕಿ, ಬೆನ್ನೊತ್ತಿ ನಿಂತದ್ದು ನೆನಪಿತ್ತು. ಏನೋ ಕದ್ದು ಮುಚ್ಚಿಟ್ಟಳು ಎಂದು ಅವತ್ತು ಒಂದು ಕ್ಷಣ ಅನುಮಾನ ಬಂದಿತ್ತು, ಹಸಿವಿನಲ್ಲಿ ಮರೆತುಹೋಗಿತ್ತು.

"ಆಮೇಲೆ ಅದನ್ನ ನೋಡೋಕೇ ಭಯ ನಂಗೆ. ಸುಡೋಕೂ ಮನಸ್ಸು ಬರ್ಲಿಲ್ಲ. ಎಂದಾದ್ರೂ ಬೇಕಾಗುತ್ತಲ್ಲ, ನೀನು ನನಗಿಂತ ದೊಡ್ಡೋನು, ನೀನೇ ಮೊದಲು ಹೋಗೋದು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನಾನು ಮೊದ್ಲು. ನೀನು ಸತ್ತಾಗ ನಿನಗ್ಯಾರು ಕಪ್ಪು ಹಾಕ್ತಾರೆ ಹೇಳು? ರೈಸಾ ಹಾಕ್ತಾಳೆ, ಆದ್ರೆ ಅಕ್ಕನ ಕಪ್ಪು, ಅದರಲ್ಲಿ ಅರ್ಧ ನೀಲಿ. ಮಾರೆತ್ ಪೇಟೆಯವಳು, ಪ್ಯಾಂಟು ಹಾಕ್ತಾಳೆ. ಹೆಂಡತಿಯ ಶೋಕ ಯಾರೂ ಮಾಡಲ್ಲ. ಅದು ನಂಗೆ ಸಂಕಟ ಆಯ್ತು. ಬೀರುವಿನಲ್ಲಿರೋದನ್ನೆಲ್ಲ ಒಂದು ಸಲ ಹಾಕ್ಕೊಂಡು ಹೋಗ್ಬೇಕು ಅಂತ ಶುರುಮಾಡಿದೆನಲ್ಲ, ಕೊನೇಲಿ ಇದೊಂದು ಉಳೀತು. ಇದನ್ನ ಹಾಗೇ ಬಿಟ್ಟು ಹೋಗೋದಾ? ಸೊಂಟದ ಪಟ್ಟಿ ಹೊಲಿದು ಹಾಕ್ಕೊಂಡೆ."

"ನಾನು ಬದುಕಿದ್ದೀನಿ!" ಇಲ್ಮಾರ್ ಕೂಗಿದ. "ಬದುಕಿರೋ ಗಂಡನಿಗೆ ಯಾರಾದ್ರೂ ಕಪ್ಪು ಹಾಕ್ತಾರಾ?"

"ನೀನು ಎದ್ರಿಗೆ ಗೊಣಗ್ತಾ ಓಡಾಡ್ಕೊಂಡಿರೋವಾಗ ಹಾಕ್ಕೊಂಡ್ರೆ ಅಷ್ಟೇನೂ ಭಾರ ಅನ್ಸಲ್ಲ" ಎಂದಳು ಅವಳು.

ಅವನು ಆ ಕಡೆ ಮುಖ ತಿರುಗಿಸಿದ. ದೋಣಿಯ ಡಾಂಬರು ಬಿಸಿಲಿಗೆ ಮೆತ್ತಗಾಗಿ ವಾಸನೆ ಬರುತ್ತಿತ್ತು.

"ಔಷಧಿ ಇಲ್ವಂತಾ?"

"ಇದೆ. ಬರೋ ಸೋಮವಾರದಿಂದ ಬಂದು ಸೇರ್ಕೋ ಅಂದ್ರು. ಕೂದಲು ಹೋಗುತ್ತೆ, ಊಟ ಸೇರಲ್ಲ. ಅಷ್ಟು ಒದ್ದಾಡಿದ್ರೂ ಒಂದೆರಡು ವರ್ಷ ಸಿಗಬಹುದು, ಸಿಗದೇನೂ ಇರಬಹುದು. ನಂಗೆ ಬೇಡ ಅಂತ ಹೇಳಿ ಬಂದೆ."

ಇಲ್ಮಾರ್ ಬೋಗುಣಿಯಿಂದ ಒಂದು ಆಲೂಗಡ್ಡೆ ತೆಗೆದುಕೊಂಡು, ಸಿಪ್ಪೆ ಹೆರೆದಾಗಿದ್ದರೂ, ಉಗುರಿನಿಂದ ಕೆರೆಯುತ್ತ ಕೂತ.

"ಗಂಡನಿಗಾದ್ರೆ ಕಪ್ಪು ಎಷ್ಟು ದಿನ?" ಎಂದು ಕೇಳಿದ.

"ನಿಂಗೆ ಗೊತ್ತಿಲ್ವಾ? ಒಂದು ವರ್ಷ."

"ಆಮೇಲೆ?"

"ಆಮೇಲೆ ನೀಲಿ ಜಾಸ್ತಿಯಿರೋದು."

"ಅದಾದ ಮೇಲೆ?"

"ಕೆಂಪಿನ ಒಂದೆರಡು ಎಳೆ. ಆಮೇಲೆ ಇನ್ನೊಂದಷ್ಟು ಕೆಂಪು. ಯಾಕೆ ಕೇಳ್ತಿದ್ದೀಯಾ?"

"ನೀಲಿದು ಇದೆಯಾ ಬೀರುವಿನಲ್ಲಿ?"

"ಇಲ್ಲ. ನೀನು ಬಂದುಬಿಟ್ಯಲ್ಲ, ಯಾಕೆ ನೇಯ್ಲಿ?"

"ಹಾಗಾದ್ರೆ ನೇಯಿ." ಅವನು ಆಲೂಗಡ್ಡೆಯನ್ನು ಬೋಗುಣಿಗೆ ಹಾಕಿದ. "ನನ್ನ ಶೋಕ ಶುರುಮಾಡಿದವಳು ನೀನು. ನಾನೇನು ಹಾಕ್ಕೋ ಅಂದಿರ್ಲಿಲ್ಲ. ಈ ಊರಲ್ಲಿ ಯಾವ ಹೆಂಗಸು ಗಂಡನ ಶೋಕಾನ ಅರ್ಧಕ್ಕೆ ಬಿಟ್ಟಿದ್ದಾಳೆ ತೋರಿಸು. ನಾನೇನು ಅಷ್ಟು ಕಡಿಮೆ ಗಂಡನಾ? ಕಪ್ಪು ಒಂದು ವರ್ಷ ಹಾಕು. ಆಮೇಲೆ ನೀಲಿ ಹಾಕು. ಕೆಂಪಿನ ಎಳೆ ಬರೋವರೆಗೂ ಹಾಕು. ಮಧ್ಯದಲ್ಲಿ ಬಿಟ್ಟು ಹೋದ್ರೆ ನಾನು ಸುಮ್ನಿರಲ್ಲ. ಸೋಮವಾರ ದೋಣಿ ಹತ್ತು. ನಾನೂ ಬರ್ತೀನಿ."

"ಮೂರು ವರ್ಷ ಆಗುತ್ತೆ ಕಣೋ ಅಷ್ಟಕ್ಕೆ."

"ಆಗ್ಲಿ."

ಸಾಲ್ಮೆ ಸಿಪ್ಪೆಗಳನ್ನೆಲ್ಲ ಗೋಣಿಯಲ್ಲಿ ಒಟ್ಟುಮಾಡಿ, ಎದ್ದು ಕೋಳಿಗಳ ಕಡೆ ಕೊಡವಿದಳು. ಲಂಗದ ನೆರಿಗೆಗಳನ್ನು ಎರಡೂ ಕೈಯಿಂದ ಸವರಿ ಸರಿಮಾಡಿಕೊಂಡಳು. ಅವನ ಕಡೆ ನೋಡದೆ ಹೇಳಿದಳು:

"ಮಗ್ಗ ಅಟ್ಟದ ಮೇಲಿದೆ. ಒಬ್ಬನೇ ಇಳಿಸೋಕೆ ಹೋಗ್ಬೇಡ, ಸೊಂಟ ಹಿಡ್ಕೊಳ್ಳುತ್ತೆ. ರೈಸಾನ ಕರಿ."

ಇಲ್ಮಾರ್ ಬೇಲಿಯ ಹತ್ತಿರ ಹೋದ. ರೈಸಾ ಅಲ್ಲೇ ಈರುಳ್ಳಿ ಪಾತಿಯಲ್ಲಿ ಬಗ್ಗಿ ಕಳೆ ಕೀಳುವ ನಾಟಕ ಮಾಡುತ್ತಿದ್ದಳು. ಅವನನ್ನು ಕಂಡದ್ದೇ ತಡ, ನೆಟ್ಟಗೆ ನಿಂತಳು.

"ಏನೋ, ಗೊತ್ತಾಯ್ತಾ? ಯಾರಂತೆ ಸತ್ತೋನು?"

"ನಾನೇ" ಎಂದ ಇಲ್ಮಾರ್. "ಬಾ, ಮಗ್ಗ ಇಳಿಸ್ಬೇಕು."